ಪ್ರಜಾಪ್ರಭುತ್ವಕ್ಕಾಗಿ ದುಡಿಯುವವರಿಗೆ ವಿದೇಶಿ ಫೆಲೋಶಿಪ್: ಅರ್ಜಿ ಹಾಕುವುದು ಹೇಗೆ, ಯಾವಾಗ ಹಾಕಬಾರದು

ಚುನಾವಣೆ ನ್ಯಾಯವಾಗಿ ನಡೆಯಬೇಕು, ಸರ್ಕಾರದ ಲೆಕ್ಕ ಜನರ ಕಣ್ಣಿಗೆ ಬೀಳಬೇಕು, ಕೋರ್ಟು ಯಾರ ಮಾತಿಗೂ ಬಗ್ಗಬಾರದು ಅಂತ ವರ್ಷಗಟ್ಟಲೆ ಗುದ್ದಾಡುತ್ತಿರುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಂಥವರಿಗೆ ಒಂದಲ್ಲ ಒಂದು ದಿನ ಯಾರಾದರೂ ಹೇಳೇ ಹೇಳುತ್ತಾರೆ, ನೀವ್ಯಾಕೆ ಹೊರದೇಶದ ಒಂದು ಫೆಲೋಶಿಪ್‌ಗೆ ಅರ್ಜಿ ಹಾಕಬಾರದು ಅಂತ. ಫೆಲೋಶಿಪ್ ಅಂದರೆ ಕೆಲಸದಲ್ಲಿರುವವರನ್ನು ಕೆಲವು ವಾರವೋ ತಿಂಗಳೋ ಕರೆಸಿಕೊಂಡು, ಕಲಿಯಲು, ಯೋಚಿಸಲು ಹಣ ಮತ್ತು ಜಾಗ ಕೊಡುವ ಕಾರ್ಯಕ್ರಮ. ಸಲಹೆ ಒಳ್ಳೆಯದೇ. ಆಮೇಲೆ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಗೂಗಲ್‌ನಲ್ಲಿ ಪಟ್ಟಿ ಹುಡುಕುತ್ತಾರೆ, ಕೊನೆಯ ದಿನಾಂಕ ಹತ್ತಿರ ಇರುವ ಏಳೆಂಟನ್ನು ಆರಿಸುತ್ತಾರೆ, ಒಂದೇ ಪ್ರಬಂಧವನ್ನು ಅಲ್ಲಿ ಇಲ್ಲಿ ತಿದ್ದಿ ಎಲ್ಲದಕ್ಕೂ ಕಳಿಸುತ್ತಾರೆ. ಹೀಗೆ ಕಳಿಸಿದ ಅರ್ಜಿ ಓದುವವರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗಿಬಿಡುತ್ತದೆ.

ಪಟ್ಟಿಯನ್ನು ಆಮೇಲೆ ನೋಡಿ. ಮೊದಲು ಒಂದು ಹಾಳೆ ತಗೊಂಡು ಒಂದು ಪ್ರಶ್ನೆಗೆ ಉತ್ತರ ಬರೆಯಿರಿ. ನಿಮ್ಮ ಕೆಲಸ ಈಗ ಎಲ್ಲಿ ನಿಂತುಹೋಗಿದೆ? "ಪ್ರಜಾಪ್ರಭುತ್ವ ಬಲಪಡಿಸಬೇಕು" ಅನ್ನುವುದು ಉತ್ತರ ಅಲ್ಲ. "ಪಕ್ಷಗಳು ಚುನಾವಣೆಗೆ ಎಷ್ಟು ಖರ್ಚು ಮಾಡುತ್ತವೆ ಅಂತ ನಾವು ಲೆಕ್ಕ ಹಾಕಿದ್ದೇವೆ, ಆದರೆ ಆ ಲೆಕ್ಕವನ್ನು ಕಾನೂನಾಗಿ ಮಾಡಿಸುವುದು ಹೇಗೆ ಅಂತ ಗೊತ್ತಿಲ್ಲ" ಅನ್ನುವುದು ಉತ್ತರ. "ನಮ್ಮ ಸಂಸ್ಥೆ ಹನ್ನೆರಡು ಜನರದ್ದು, ಅದನ್ನು ದೇಶದ ತುಂಬ ಬೆಳೆಸಲು ಆಗುತ್ತಿಲ್ಲ" ಅನ್ನುವುದೂ ಉತ್ತರವೇ. ಈ ಒಂದು ಪ್ಯಾರಾ ಸರಿಯಾಗಿ ಬಂದರೆ ಯಾವ ಫೆಲೋಶಿಪ್ ಬೇಕು, ಪ್ರಬಂಧದಲ್ಲಿ ಏನು ಬರೆಯಬೇಕು, ಸಂದರ್ಶನದಲ್ಲಿ ಏನು ಹೇಳಬೇಕು, ಎಲ್ಲ ಅದರಿಂದಲೇ ಹೊರಡುತ್ತದೆ. ಬರಲಿಲ್ಲ ಅಂದರೆ ಈ ವರ್ಷ ಅರ್ಜಿ ಹಾಕಬೇಡಿ, ಕೆಲಸ ಮಾಡಿ.

ಎಷ್ಟು ದಿನ ಹೋಗಬಲ್ಲಿರಿ?

ಫೆಲೋಶಿಪ್‌ಗಳನ್ನು ಹೆಸರಿನ ಮೇಲೆ ಆರಿಸುವುದಕ್ಕಿಂತ ಅವಧಿಯ ಮೇಲೆ ಆರಿಸುವುದು ವಾಸಿ. ನೀವೇ ಕಟ್ಟಿದ ಸಂಸ್ಥೆಯನ್ನು ನೀವೇ ನಡೆಸುತ್ತಿದ್ದರೆ ಒಂದು ವರ್ಷ ಬಿಟ್ಟು ಹೋಗುವುದು ದೊಡ್ಡ ನಿರ್ಧಾರ. ಹಿಂತಿರುಗಿ ಬರುವಾಗ ಸಂಸ್ಥೆಯೇ ಇಲ್ಲದಿದ್ದರೆ ಕಲಿತದ್ದನ್ನು ಎಲ್ಲಿ ಬಳಸುತ್ತೀರಿ?

ಚಿಕ್ಕ ಅವಧಿಯದ್ದು ಬೇಕಾದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೇಸಿಗೆ ಕಾರ್ಯಕ್ರಮ ನೋಡಿ. 2005ರಲ್ಲಿ ಶುರುವಾದದ್ದು, ಬಹಳ ಕಾಲ ಡ್ರೇಪರ್ ಹಿಲ್ಸ್ ಫೆಲೋಸ್ ಅಂತ ಹೆಸರಿತ್ತು, ಈಗ ಫಿಶರ್ ಫ್ಯಾಮಿಲಿ ಸಮ್ಮರ್ ಫೆಲೋಸ್ ಅನ್ನುತ್ತಾರೆ. ಸುಮಾರು ಮೂರು ವಾರ. ಅಭಿವೃದ್ಧಿಶೀಲ ದೇಶಗಳಲ್ಲಿ ಈಗಾಗಲೇ ಕೆಲಸದಲ್ಲಿ ಬೇರೂರಿದ ವಕೀಲರು, ಪತ್ರಕರ್ತರು, ಸಂಘಟಕರು, ಅಧಿಕಾರಿಗಳು ಬರುತ್ತಾರೆ. ಲ್ಯಾರಿ ಡೈಮಂಡ್, ಫ್ರಾನ್ಸಿಸ್ ಫುಕುಯಾಮಾ ಥರದ, ಪ್ರಜಾಪ್ರಭುತ್ವದ ಅಧ್ಯಯನದಲ್ಲಿ ಹೆಸರು ಮಾಡಿದ ವಿದ್ವಾಂಸರು ಪಾಠ ಮಾಡುವ ಜಾಗ. ಸಂಸ್ಥೆ ನಡೆಸುತ್ತಿರುವವರಿಗೆ ನನ್ನ ಮೊದಲ ಸಲಹೆ ಇಂಥದ್ದೇ. ಮೂರು ವಾರದಲ್ಲಿ ಏನು ಕಲಿಯಲು ಸಾಧ್ಯ ಅಂತ ಕೇಳಬಹುದು. ಪಾಠ ಸ್ವಲ್ಪವೇ ಇರಬಹುದು, ಆದರೆ ನಿಮ್ಮಂಥದ್ದೇ ಗೋಡೆಗೆ ತಲೆ ಚಚ್ಚಿಕೊಂಡ ಇಪ್ಪತ್ತು ಚಿಲ್ಲರೆ ಜನ ಬೇರೆ ಬೇರೆ ದೇಶದಿಂದ ಬಂದು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ, ಅದಕ್ಕೆ ಬೆಲೆ ಜಾಸ್ತಿ.

ನಾಲ್ಕೈದು ತಿಂಗಳದ್ದು ಬೇಕಾದರೆ ಎರಡು ಹೆಸರು ಮುಖ್ಯ. ಯೇಲ್ ವಿಶ್ವವಿದ್ಯಾಲಯದ ವರ್ಲ್ಡ್ ಫೆಲೋಸ್ ನಾಲ್ಕು ತಿಂಗಳದ್ದು, ಎಲ್ಲ ಕ್ಷೇತ್ರದವರನ್ನೂ ತಗೊಳ್ಳುತ್ತದೆ. ಅಲ್ಲಿ ನೀವು ಉದ್ಯಮಿ, ಕಲಾವಿದ, ವೈದ್ಯರ ಜೊತೆ ಸ್ಪರ್ಧಿಸುತ್ತೀರಿ. ಇನ್ನೊಂದು ವಾಷಿಂಗ್ಟನ್‌ನ ರೇಗನ್-ಫ್ಯಾಸೆಲ್ ಡೆಮಾಕ್ರಸಿ ಫೆಲೋಶಿಪ್. ಇದನ್ನು ನಡೆಸುವುದು ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ, ಅಂದರೆ ಎನ್‌ಇಡಿ. ಅಮೆರಿಕ ಸರ್ಕಾರದ ಹಣ ಪಡೆದು ಬೇರೆ ದೇಶಗಳ ಪ್ರಜಾಪ್ರಭುತ್ವದ ಕೆಲಸಕ್ಕೆ ನೆರವು ಕೊಡುವ ಸಂಸ್ಥೆ ಅದು. ಈ ಫೆಲೋಶಿಪ್ ನೇರವಾಗಿ ಪ್ರಜಾಪ್ರಭುತ್ವದ ಕೆಲಸದವರಿಗೆ, ಅದರ ಬಗ್ಗೆ ಸಂಶೋಧನೆ ಮಾಡುವವರಿಗೆ ಮಾಡಿದ್ದು. ಪದವಿ ಓದುತ್ತಿರುವವರಿಗೆ ಅಲ್ಲ. ನಿಮ್ಮದೇ ಒಂದು ಯೋಜನೆ ಹಿಡಿದುಕೊಂಡು ಹೋಗಿ, ಸ್ಟೈಪೆಂಡ್ ತಗೊಂಡು, ಕೂತು ಯೋಚಿಸಿ ಬರೆಯುವ ಅವಕಾಶ. ಬೀದಿಯಲ್ಲಿ ಓಡಾಡಿ ಸುಸ್ತಾದ ಹೋರಾಟಗಾರರಿಗೆ ಯೋಚಿಸಲು ಪುರುಸೊತ್ತು ಸಿಗುವುದು ಚಿಕ್ಕ ವಿಷಯ ಅಲ್ಲ.

ಇನ್ನೂ ಉದ್ದದ್ದು ಅಂದರೆ ಹ್ಯೂಬರ್ಟ್ ಹಂಫ್ರಿ ಫೆಲೋಶಿಪ್. 1978ರಿಂದ ಇದೆ, ಅಮೆರಿಕದ ವಿದೇಶಾಂಗ ಇಲಾಖೆಯ ಹಣ, ಸುಮಾರು ಹತ್ತು ತಿಂಗಳು, ಪದವಿ ಕೊಡುವುದಿಲ್ಲ. ಮೊದಲ ಪದವಿ ಆದ ಮೇಲೆ ಐದು ವರ್ಷ ಪೂರ್ಣಾವಧಿ ಕೆಲಸದ ಅನುಭವ ಕೇಳುತ್ತಾರೆ. ಸರ್ಕಾರಿ ಇಲಾಖೆಯ ಒಳಗಿದ್ದು ಸುಧಾರಣೆ ಮಾಡಲು ಹೊರಟವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಒಬಾಮಾ ಫೌಂಡೇಶನ್ ಸ್ಕಾಲರ್ಸ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಶೈಕ್ಷಣಿಕ ವರ್ಷ. ಮಾಸ್ಟರ್ಸ್ ಪದವಿಯೇ ಬೇಕಾದರೆ ಬ್ರಿಟನ್ನಿನ ಚೀವ್ನಿಂಗ್. ಅದಕ್ಕೆ ಎರಡು ವರ್ಷದ, ಅಂದರೆ 2,800 ಗಂಟೆಯ ಅನುಭವ ಸಾಕು. ಸಂಬಳ ಇಲ್ಲದೆ ಸ್ವಯಂಸೇವಕರಾಗಿ ಮಾಡಿದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ತುಂಬಾ ಜನ ಇದನ್ನು ಗಮನಿಸದೆ ತಮಗೆ ಅರ್ಹತೆ ಇಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ.

ಒಂದೊಂದು ಪ್ರದೇಶದವರಿಗೆ ಅಂತಲೇ ಇರುವವೂ ಇವೆ. ಆಫ್ರಿಕಾದ ಯುವ ನಾಯಕರಿಗೆ 2014ರಲ್ಲಿ ಮಂಡೇಲಾ ವಾಷಿಂಗ್ಟನ್ ಫೆಲೋಶಿಪ್ ಶುರುವಾಯಿತು. ಪೂರ್ವ ಯುರೋಪ್, ಮಧ್ಯ ಏಷ್ಯಾ ಕಡೆಯವರಿಗೆ ಬ್ರಿಟನ್ನಿನ ಜಾನ್ ಸ್ಮಿತ್ ಟ್ರಸ್ಟ್ ಇದೆ. ನಿಮ್ಮ ಭಾಗಕ್ಕೆ ಅಂತ ಇಂಥದ್ದು ಇದ್ದರೆ ಅದನ್ನೇ ಮೊದಲು ನೋಡಿ. ಇಡೀ ಪ್ರಪಂಚದ ಜೊತೆ ಸ್ಪರ್ಧೆ ಮಾಡುವುದು ತಪ್ಪುತ್ತದೆ.

ಇನ್ನು ಪ್ರಾಣಕ್ಕೇ ಅಪಾಯ ಇರುವವರ ದಾರಿ ಬೇರೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯ ಅಪಾಯದಲ್ಲಿರುವ ಮಾನವ ಹಕ್ಕು ಹೋರಾಟಗಾರರಿಗೆ ಕೆಲವು ತಿಂಗಳು ಜಾಗ ಕೊಡುವ ಕಾರ್ಯಕ್ರಮ ನಡೆಸಿದೆ. ವಿಶ್ವವಿದ್ಯಾಲಯದವರಾದರೆ ಸ್ಕಾಲರ್ಸ್ ಅಟ್ ರಿಸ್ಕ್ ಜಾಲ ಇದೆ. ಇಲ್ಲಿ ನಾಯಕತ್ವದ ಪ್ರಬಂಧಕ್ಕಿಂತ ನಿಮಗಿರುವ ಅಪಾಯದ ದಾಖಲೆ ಮುಖ್ಯ: ಬಂದ ಬೆದರಿಕೆ, ಹಾಕಿದ ಕೇಸು, ದಿನಾಂಕ, ಪ್ರತಿಗಳು. ಇವುಗಳನ್ನು ಈಗಿನಿಂದಲೇ ಜೋಡಿಸಿಡಿ. ಓಡಬೇಕಾದ ದಿನ ಹುಡುಕಲು ಆಗುವುದಿಲ್ಲ.

ಒಂದು ಎಚ್ಚರಿಕೆ. ಸರ್ಕಾರದ ಹಣದಲ್ಲಿ ನಡೆಯುವ ಕಾರ್ಯಕ್ರಮ ಇವತ್ತಿದ್ದು ನಾಳೆ ಇಲ್ಲದಂತಾಗಬಹುದು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಎಷ್ಟೋ ಕೆಲಸಗಳು ಅರ್ಧಕ್ಕೆ ನಿಂತವು, ಎನ್‌ಇಡಿಗೆ ಬರಬೇಕಾದ ಹಣವೂ ಸಿಕ್ಕಿಹಾಕಿಕೊಂಡು ವಿಷಯ ಕೋರ್ಟಿಗೆ ಹೋಯಿತು. ಹಾಗಾಗಿ ಇಲ್ಲಿ ಬರೆದದ್ದನ್ನೂ ಸೇರಿಸಿ ಯಾವ ಪಟ್ಟಿಯನ್ನೂ ಹಾಗೇ ನಂಬಬೇಡಿ. ಆಯಾ ಸಂಸ್ಥೆಯ ಸ್ವಂತ ತಾಣಕ್ಕೆ ಹೋಗಿ ಈ ವರ್ಷ ಅರ್ಜಿ ಕರೆದಿದ್ದಾರಾ ನೋಡಿ, ಅನುಮಾನ ಇದ್ದರೆ ಮೇಲ್ ಮಾಡಿ ಕೇಳಿ. ಅಮೆರಿಕ, ಬ್ರಿಟನ್ ಎರಡರಲ್ಲೂ ಒಂದೊಂದಕ್ಕೆ ಹಾಕುವುದು ಜಾಣತನ.

ಆಯ್ಕೆಯಾದವರನ್ನು ಓದಿ

ಅರ್ಹತೆಯ ನಿಯಮಗಳಿಗಿಂತ ಹೆಚ್ಚು ಹೇಳುವುದು ಹಿಂದೆ ಆಯ್ಕೆಯಾದವರ ಪರಿಚಯ. ಎಲ್ಲ ದೊಡ್ಡ ಫೆಲೋಶಿಪ್‌ಗಳೂ ಅದನ್ನು ಹಾಕಿರುತ್ತವೆ. ಕಳೆದ ಮೂರು ವರ್ಷದವರನ್ನು ಒಬ್ಬೊಬ್ಬರಾಗಿ ಓದಿ. ವಯಸ್ಸೆಷ್ಟು, ಎಷ್ಟು ವರ್ಷ ಕೆಲಸ ಮಾಡಿದ್ದಾರೆ, ಬೀದಿಯವರು ಜಾಸ್ತಿಯಾ, ಕಚೇರಿಯವರು ಜಾಸ್ತಿಯಾ, ನಿಮ್ಮ ದೇಶದಿಂದ ಯಾರಾದರೂ ಇತ್ತೀಚೆಗೆ ಹೋಗಿದ್ದಾರಾ? ನೋಡುತ್ತಾ ಹೋದರೆ ಆ ಕಾರ್ಯಕ್ರಮಕ್ಕೆ ಎಂಥವರು ಬೇಕು ಅನ್ನುವುದು ಅರ್ಥವಾಗುತ್ತದೆ. ಎಲ್ಲರೂ ಹದಿನೈದು ವರ್ಷ ಅನುಭವದವರಾಗಿದ್ದು ನಿಮಗೆ ಮೂರೇ ವರ್ಷ ಆಗಿದ್ದರೆ, ನಿಯಮ ಅಡ್ಡ ಬರದಿದ್ದರೂ ಈಗ ಕಾಯುವುದು ಒಳ್ಳೆಯದು.

ಅವರಲ್ಲಿ ಇಬ್ಬರಿಗೋ ಮೂವರಿಗೋ ಬರೆಯಿರಿ. "ನನಗೆ ಮಾರ್ಗದರ್ಶನ ಮಾಡಿ" ಅಂತ ಬರೆದರೆ ಉತ್ತರ ಬರುವುದು ಕಷ್ಟ, ಯಾಕೆಂದರೆ ಏನು ಮಾಡಬೇಕು ಅಂತ ಓದುವವರಿಗೆ ತಿಳಿಯುವುದಿಲ್ಲ. ನೀವು ಯಾರು ಅಂತ ಎರಡು ಸಾಲು, ಅವರು ಹತ್ತು ನಿಮಿಷದಲ್ಲಿ ಉತ್ತರಿಸಬಹುದಾದ ಎರಡು ಪ್ರಶ್ನೆ, ಅಷ್ಟೇ ಇರಲಿ. ಒಳ್ಳೆಯ ಪ್ರಶ್ನೆ ಅಂದರೆ, ಹೋಗುವ ಮುಂಚೆ ಏನು ಸಿದ್ಧ ಮಾಡಿಕೊಂಡಿದ್ದರೆ ಅಲ್ಲಿನ ಸಮಯ ಇನ್ನೂ ಚೆನ್ನಾಗಿ ಬಳಕೆಯಾಗುತ್ತಿತ್ತು ಅಂತ ಕೇಳುವುದು.

ಪ್ರಬಂಧ: "ನಾವು" ಮತ್ತು "ನಾನು"

ನಿಜವಾದ ಕಷ್ಟ ಇಲ್ಲಿದೆ. ಹೋರಾಟದಲ್ಲಿ ಬೆಳೆದವರು ಎಲ್ಲದಕ್ಕೂ "ನಾವು" ಅನ್ನುತ್ತಾರೆ. ಅದು ಅವರ ಸಂಸ್ಕಾರ, ದೊಡ್ಡ ಗುಣ. ಆದರೆ ಆಯ್ಕೆ ಸಮಿತಿ ಒಬ್ಬ ವ್ಯಕ್ತಿಯನ್ನು ಆರಿಸಬೇಕು. "ನಾವು ಅಭಿಯಾನ ಮಾಡಿದೆವು, ನಾವು ಕಾನೂನು ತಂದೆವು" ಅಂತ ಓದಿದವರಿಗೆ ಅದರಲ್ಲಿ ನೀವು ಪೋಸ್ಟರ್ ಅಂಟಿಸಿದವರೋ, ಮಸೂದೆ ಬರೆದವರೋ ಗೊತ್ತಾಗುವುದಿಲ್ಲ. ಹಾಗಂತ ಎಲ್ಲರ ಕೆಲಸವನ್ನು ನಿಮ್ಮದು ಅಂತ ಬರೆದುಕೊಳ್ಳುವುದೂ ಬೇಡ, ಅದು ತಪ್ಪು, ನಿಮ್ಮ ಜೊತೆಯವರು ಓದಿದರೆ ಮುಖ ತೋರಿಸಲಾಗದು. ದಾರಿ ಸರಳ ಇದೆ. ತಂಡ ಏನು ಮಾಡಿತು ಅಂತ ಒಂದು ವಾಕ್ಯ, ಅದರೊಳಗೆ ನೀವು ತೆಗೆದುಕೊಂಡ ಒಂದು ನಿರ್ಧಾರ ಯಾವುದು, ಯಾಕೆ ತೆಗೆದುಕೊಂಡಿರಿ, ಅದರಿಂದ ಏನಾಯಿತು ಅಂತ ನಾಲ್ಕು ವಾಕ್ಯ.

ಉದಾಹರಣೆಗೆ ಹೀಗೆ ಬರೆದಿದ್ದಾರೆ ಅಂದುಕೊಳ್ಳಿ: "ನಾನು ಯುವಜನರ ಸಬಲೀಕರಣ ಮತ್ತು ಪಾರದರ್ಶಕ ಆಡಳಿತಕ್ಕಾಗಿ ಬದ್ಧನಾಗಿದ್ದೇನೆ." ಇದನ್ನು ಯಾವ ದೇಶದ ಯಾರು ಬೇಕಾದರೂ ಬರೆಯಬಹುದು. ಅದೇ ಮನುಷ್ಯ ಹೀಗೆ ಬರೆದರೆ: "ಮತದಾರರ ಪಟ್ಟಿಯಲ್ಲಿ ಬಿಟ್ಟುಹೋದ ಹೆಸರುಗಳನ್ನು ನಮ್ಮ ಸ್ವಯಂಸೇವಕರು ಮನೆಮನೆಗೆ ಹೋಗಿ ಕಲೆಹಾಕಿದರು. ಅದನ್ನು ನೇರ ಪತ್ರಿಕೆಗೆ ಕೊಡೋಣ ಅಂತ ತಂಡ ಹೇಳಿತು. ಮೊದಲು ಚುನಾವಣಾ ಅಧಿಕಾರಿಗಳಿಗೇ ಕೊಟ್ಟು ಸರಿಪಡಿಸಲು ಒಂದು ವಾರ ಕೊಡೋಣ ಅಂತ ನಾನು ಪಟ್ಟು ಹಿಡಿದೆ. ಅರ್ಧ ಸರಿಯಾಯಿತು, ಉಳಿದದ್ದನ್ನು ಪ್ರಕಟಿಸಿದೆವು. ಆ ಅಧಿಕಾರಿಗಳು ಇವತ್ತಿಗೂ ನಮ್ಮ ಫೋನ್ ತೆಗೆಯುತ್ತಾರೆ." ಇದರಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ, ಅವನ ತಲೆ ಹೇಗೆ ಓಡುತ್ತದೆ ಅನ್ನುವುದೂ ಕಾಣುತ್ತದೆ. ಸಮಿತಿ ಹುಡುಕುವುದು ಇದನ್ನೇ.

ಓದುವವರಿಗೆ ನಿಮ್ಮ ದೇಶದ ಬಗ್ಗೆ ಏನೂ ಗೊತ್ತಿಲ್ಲ ಅಂತಲೇ ಬರೆಯಿರಿ. ಪಕ್ಷಗಳ ಹೆಸರು, ಇಲಾಖೆಗಳ ಚುಟುಕು ಹೆಸರು ಹಾಕಿದರೆ ಅವರಿಗೆ ತಲೆಬುಡ ತಿಳಿಯುವುದಿಲ್ಲ. ಎರಡೇ ಸಾಲಿನಲ್ಲಿ ಪರಿಸ್ಥಿತಿ ಹೇಳಿ ಮುಂದೆ ಹೋಗಿ. ಇತಿಹಾಸ ಪಾಠ ಬೇಡ.

"ಇಲ್ಲಿಗೇ ಯಾಕೆ" ಅನ್ನುವ ಪ್ರಶ್ನೆಗೆ ಹೊಗಳಿಕೆ ಉತ್ತರ ಅಲ್ಲ. ಆ ಜಾಗದಲ್ಲಿ ಮಾತ್ರ ಸಿಗುವುದು ಏನು ಅಂತ ಹುಡುಕಿ. ಎನ್‌ಇಡಿಯಾದರೆ ಅದು 1990ರಿಂದ ಜರ್ನಲ್ ಆಫ್ ಡೆಮಾಕ್ರಸಿ ಅನ್ನುವ ಪತ್ರಿಕೆ ತರುತ್ತಿದೆ. ಅದರಲ್ಲಿ ನಿಮ್ಮ ಸಮಸ್ಯೆಗೆ ಹತ್ತಿರದ ಲೇಖನ ಓದಿದ್ದರೆ, ಅದರ ಜೊತೆ ನಿಮಗೆ ಒಪ್ಪಿಗೆ ಇಲ್ಲದಿದ್ದರೆ, ಅದನ್ನೇ ಬರೆಯಿರಿ. ಒಪ್ಪದೇ ಇರುವುದು ತಪ್ಪಲ್ಲ, ಓದಿದ್ದೀರಿ ಅಂತ ತಿಳಿಯುತ್ತದೆ.

ವಾಪಸ್ ಬಂದ ಮೇಲೆ ಏನು ಮಾಡುತ್ತೀರಿ ಅನ್ನುವಲ್ಲಿ ಚಿಕ್ಕದನ್ನೇ ಹೇಳಿ, ಆದರೆ ಖಚಿತವಾಗಿ ಹೇಳಿ. ದೇಶ ಬದಲಾಯಿಸುತ್ತೇನೆ ಅಂದರೆ ಯಾರೂ ನಂಬುವುದಿಲ್ಲ. ಮೊದಲ ಆರು ತಿಂಗಳಲ್ಲಿ ಯಾರ ಜೊತೆ ಕೂತು ಯಾವ ಕರಡು ಬರೆಯುತ್ತೀರಿ ಅಂದರೆ ನಂಬುತ್ತಾರೆ.

ಶಿಫಾರಸು ಪತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಸಲ ಕೈಕುಲುಕಿದ ಮಂತ್ರಿಗಿಂತ ನಿಮ್ಮನ್ನು ಐದು ವರ್ಷ ನೋಡಿದ ಸಹೋದ್ಯೋಗಿ ಮೇಲು. ಒಂದೂವರೆ ತಿಂಗಳು ಮುಂಚೆ ಕೇಳಿ, ನಿಮ್ಮ ಪ್ರಬಂಧದ ಪ್ರತಿ ಕೊಡಿ, ಯಾವ ಘಟನೆ ಅವರು ಹೇಳಿದರೆ ಒಳ್ಳೆಯದು ಅಂತ ನೆನಪಿಸಿ. ಪತ್ರ ನೀವೇ ಬರೆದು ಸಹಿ ಹಾಕಿಸಬೇಡಿ. ಎರಡು ಪತ್ರ, ಒಂದು ಪ್ರಬಂಧ, ಮೂರರ ಭಾಷೆಯೂ ಒಂದೇ ಇದ್ದರೆ ಕಂಡುಹಿಡಿಯುವುದು ಸುಲಭ.

ಸಂದರ್ಶನ ಈಗ ಹೆಚ್ಚಾಗಿ ವಿಡಿಯೋದಲ್ಲೇ ಆಗುತ್ತದೆ. ನಿಮ್ಮ ವಿರೋಧಿಗಳು ಏನು ಹೇಳುತ್ತಾರೆ, ಅವರ ಮಾತಿನಲ್ಲಿ ನಿಜ ಎಷ್ಟಿದೆ ಅಂತ ಕೇಳಿದರೆ ಗಲಿಬಿಲಿ ಆಗಬೇಡಿ. ವಿರೋಧಿಯ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಿ, ಆಮೇಲೆ ನಿಮ್ಮದು ಹೇಳಿ. ಇಂಗ್ಲಿಷ್ ಸೊಗಸಾಗಿ ಇರಬೇಕಾಗಿಲ್ಲ, ಯೋಚನೆ ಸ್ಪಷ್ಟವಾಗಿದ್ದರೆ ಸಾಕು. ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬ ಸ್ನೇಹಿತರ ಎದುರು ಗಟ್ಟಿಯಾಗಿ ಅಭ್ಯಾಸ ಮಾಡಿ, ಅವರಿಗೆ ಎಲ್ಲಿ ಅರ್ಥವಾಗಲಿಲ್ಲವೋ ಅದನ್ನು ತಿದ್ದಿಕೊಳ್ಳಿ.

ಸುರಕ್ಷತೆ: ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಫೆಲೋಶಿಪ್ ನಿಮ್ಮ ದೇಶದಲ್ಲಿ ನಿಮ್ಮ ವಿರುದ್ಧವೇ ಬಳಕೆಯಾಗಬಹುದು. ರಷ್ಯಾದ ವಿರೋಧ ಪಕ್ಷದ ನಾಯಕ ಅಲೆಕ್ಸಿ ನವಾಲ್ನಿ 2010ರಲ್ಲಿ ಯೇಲ್ ವರ್ಲ್ಡ್ ಫೆಲೋ ಆಗಿದ್ದರು. ಮುಂದೆ ಅವರನ್ನು ಅಮೆರಿಕದ ಕೈಗೊಂಬೆ ಅಂತ ತೋರಿಸಲು ರಷ್ಯಾದ ಸರ್ಕಾರಿ ಪರ ಮಾಧ್ಯಮಗಳು ಆ ಕೆಲವು ತಿಂಗಳನ್ನು ಮತ್ತೆ ಮತ್ತೆ ಎತ್ತಿದವು. ಮಾತಿನ ದಾಳಿ ಮಾತ್ರ ಅಲ್ಲ, ಕಾನೂನೂ ಇದೆ. ರಷ್ಯಾ 2012ರಲ್ಲಿ, ಹೊರಗಿನ ಹಣ ಪಡೆದು ರಾಜಕೀಯ ಕೆಲಸ ಮಾಡುವ ಸಂಸ್ಥೆಗಳಿಗೆ ಆ ಹಣೆಪಟ್ಟಿ ಹಚ್ಚುವ "ವಿದೇಶಿ ಏಜೆಂಟ್" ಕಾನೂನು ತಂದಿತು, 2015ರಲ್ಲಿ "ಅನಪೇಕ್ಷಿತ ಸಂಸ್ಥೆ" ಕಾನೂನು ತಂದಿತು. ಆ ಎರಡನೆಯ ಪಟ್ಟಿಗೆ ಮೊಟ್ಟಮೊದಲು ಸೇರಿದ್ದು ಎನ್‌ಇಡಿ. ಅಂಥ ಪಟ್ಟಿಯಲ್ಲಿರುವ ಸಂಸ್ಥೆಯ ಜೊತೆ ಕೆಲಸ ಮಾಡುವುದೇ ಅಲ್ಲಿ ಶಿಕ್ಷೆಗೆ ದಾರಿ. ರಷ್ಯಾದ ನೆರೆಯ ದೇಶ ಜಾರ್ಜಿಯಾ 2024ರಲ್ಲಿ ವಿದೇಶಿ ಪ್ರಭಾವದ ಹೆಸರಿನಲ್ಲಿ ಇಂಥದ್ದೇ ಕಾನೂನು ಮಾಡಿತು, ಜನ ವಾರಗಟ್ಟಲೆ ಬೀದಿಗಿಳಿದರು.

ಹಾಗಾಗಿ ಅರ್ಜಿ ಹಾಕುವ ಮುಂಚೆ, ಆಯ್ಕೆಯಾದ ಮೇಲೆ ಅಲ್ಲ, ನಿಮ್ಮ ದೇಶದ ಕಾನೂನು ತಿಳಿದ ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ. ಹಣ ಯಾರದ್ದು ಅಂತ ಕೊನೆಯವರೆಗೂ ಬಿಡಿಸಿ ನೋಡಿ. ವಿಶ್ವವಿದ್ಯಾಲಯದ ಹಣಕ್ಕೂ ಒಂದು ಸರ್ಕಾರದ ಹಣಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಇರಬಹುದು, ಜನರ ಕಣ್ಣಿನಲ್ಲಂತೂ ಇದ್ದೇ ಇರುತ್ತದೆ. ನಿಮ್ಮ ಹೆಸರು, ಫೋಟೋ ಪ್ರಕಟಿಸದೆ ಇರಲು ಸಾಧ್ಯವಾ ಅಂತ ಕಾರ್ಯಕ್ರಮದವರನ್ನು ಕೇಳಿ. ಇಂಥ ಪ್ರಶ್ನೆ ಅವರಿಗೆ ಹೊಸದಲ್ಲ. ಪ್ರಬಂಧದಲ್ಲಿ ಜೊತೆಗಾರರ ನಿಜವಾದ ಹೆಸರು, ಜಾಗ ಬರೆಯಬೇಡಿ. ನೀವು ಒಪ್ಪಿಕೊಂಡ ಅಪಾಯವನ್ನು ಅವರು ಒಪ್ಪಿಕೊಂಡಿಲ್ಲ ಅಲ್ವಾ? ಮನೆಯವರ ಜೊತೆಯೂ ಮುಚ್ಚುಮರೆ ಇಲ್ಲದೆ ಮಾತಾಡಿ, ಯಾಕೆಂದರೆ ನೀವು ದೂರ ಇರುವಾಗ ಯಾರಾದರೂ ಬಾಗಿಲು ತಟ್ಟಿದರೆ ಎದ್ದು ಹೋಗಿ ತೆರೆಯುವವರು ಅವರು.

ಕೊನೆಗೆ ಎಲ್ಲ ತೂಗಿ ನೋಡಿ ಹೋಗುವುದು ಬೇಡ ಅನ್ನಿಸಿದರೆ, ಅದು ಹಿಂಜರಿಕೆ ಅಲ್ಲ. ಕೆಲವು ಸಲ ಕೆಲಸಕ್ಕೆ ಅದೇ ಸರಿ.

ಹಣ, ವೀಸಾ, ಬಿಟ್ಟುಹೋಗುವ ಕೆಲಸ

ಪ್ರಯಾಣ, ವಸತಿ, ಊಟ, ಆರೋಗ್ಯ ವಿಮೆ, ವೀಸಾ ಶುಲ್ಕ, ಇವುಗಳಲ್ಲಿ ಯಾವುದು ಅವರದ್ದು, ಯಾವುದು ನಿಮ್ಮದು ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಸಂಗಾತಿ, ಮಕ್ಕಳಿಗೆ ಹಣ ಕೊಡುತ್ತಾರಾ ಅಂತ ಮೊದಲೇ ನೋಡಿ, ಕೊಡದಿರುವುದೇ ಹೆಚ್ಚು. ಆಯ್ಕೆ ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ, ಅಲ್ಲಿಗೇ ನಿಲ್ಲಿಸಿ.

ವಾಪಸ್ ಬರುವ ಷರತ್ತನ್ನು ಸಹಿ ಮಾಡುವ ಮುಂಚೆ ಓದಿ. ಚೀವ್ನಿಂಗ್ ಮುಗಿದ ಮೇಲೆ ಎರಡು ವರ್ಷ ಸ್ವಂತ ದೇಶದಲ್ಲಿ ಇರಬೇಕು. ಅಮೆರಿಕದ ಸರ್ಕಾರಿ ಹಣದಲ್ಲಿ ಜೆ-1 ವೀಸಾ (ವಿನಿಮಯ ಕಾರ್ಯಕ್ರಮಗಳಿಗೆ ಕೊಡುವ ವೀಸಾ) ಮೇಲೆ ಹೋದವರಿಗೂ ಎರಡು ವರ್ಷ ಸ್ವಂತ ದೇಶದಲ್ಲಿ ಇರಬೇಕು ಅನ್ನುವ ನಿಯಮ ಅನ್ವಯಿಸುತ್ತದೆ, ಅದು ಮುಗಿಯುವ ತನಕ ಅಲ್ಲಿ ಕೆಲಸ ಮಾಡುವ ಎಚ್-1ಬಿ ವೀಸಾವೋ ಕಾಯಂ ಆಗಿ ನೆಲೆಸುವ ಗ್ರೀನ್ ಕಾರ್ಡೋ ಸಿಗುವುದಿಲ್ಲ. ಸುಧಾರಣೆ ಮಾಡಲು ಹೊರಟವರಿಗೆ ಇದು ನ್ಯಾಯವಾದ ಷರತ್ತು ಅಂತಲೇ ನನಗೆ ಅನ್ನಿಸುತ್ತದೆ.

ಸಂಸ್ಥೆಯನ್ನು ಯಾರ ಕೈಗೆ ಕೊಟ್ಟು ಹೋಗುತ್ತೀರಿ ಅನ್ನುವುದನ್ನು ಹೊರಡುವ ವಾರ ಯೋಚಿಸಬೇಡಿ. ಮೂರು ತಿಂಗಳು ಮುಂಚೆಯೇ ಒಬ್ಬರಿಗೆ ಪೂರ್ತಿ ಜವಾಬ್ದಾರಿ ಕೊಡಿ, ಹಣದ ಸಹಿಯ ಅಧಿಕಾರವನ್ನೂ ಸೇರಿಸಿ. ಅವರು ಎಡವುವುದಿದ್ದರೆ ನೀವಿರುವಾಗಲೇ ಎಡವಲಿ. ಅಲ್ಲಿ ಹೋದ ಮೇಲೆ ದಿನಾ ರಾತ್ರಿ ಆಫೀಸಿಗೆ ಫೋನ್ ಮಾಡಿ ಪ್ರತಿಯೊಂದನ್ನೂ ನೀವೇ ತೀರ್ಮಾನಿಸುತ್ತಾ ಕೂತರೆ ಫೆಲೋಶಿಪ್ಪೂ ಇಲ್ಲ, ಸಂಸ್ಥೆಯೂ ಬೆಳೆಯುವುದಿಲ್ಲ.

ಅಲ್ಲಿದ್ದಾಗ ಸಿಕ್ಕ ಎಲ್ಲ ಉಪನ್ಯಾಸಕ್ಕೂ ಓಡಬೇಡಿ. ಮೊದಲು ಬರೆದ ಆ ಒಂದು ಹಾಳೆ ಜೊತೆಗಿರಲಿ, ಅದಕ್ಕೆ ಉತ್ತರ ಕೊಡಬಲ್ಲ ಜನರನ್ನು ಹುಡುಕಿಕೊಂಡು ಹೋಗಿ. ಫೆಲೋ ಅಂತ ಹೇಳಿಕೊಂಡು ಮೇಲ್ ಮಾಡಿದರೆ ತೆರೆಯುವ ಬಾಗಿಲುಗಳು ಆ ಕೆಲವು ತಿಂಗಳು ಮಾತ್ರ ಅಷ್ಟು ಸುಲಭವಾಗಿ ತೆರೆಯುತ್ತವೆ. ಪ್ರೊಫೆಸರ್‌ಗಳಿಗಿಂತ ಜೊತೆಯ ಫೆಲೋಗಳಿಗೆ ಸಮಯ ಜಾಸ್ತಿ ಕೊಡಿ. ಆದರೆ ಫೆಲೋಶಿಪ್ಪೇ ಕೆಲಸವನ್ನು ಹುಟ್ಟಿಸುತ್ತದೆ ಅಂದುಕೊಳ್ಳಬೇಡಿ. ಉಕ್ರೇನಿನ ಮಾನವ ಹಕ್ಕು ವಕೀಲೆ ಒಲೆಕ್ಸಾಂಡ್ರಾ ಮಟ್ವಿಚುಕ್ ಸ್ಟ್ಯಾನ್‌ಫರ್ಡ್‌ನ ಉಕ್ರೇನಿಯನ್ ಎಮರ್ಜಿಂಗ್ ಲೀಡರ್ಸ್ ಕಾರ್ಯಕ್ರಮದಲ್ಲಿ 2017-18ರಲ್ಲಿ ಇದ್ದವರು. ಅವರು ಮುನ್ನಡೆಸುವ ಸೆಂಟರ್ ಫಾರ್ ಸಿವಿಲ್ ಲಿಬರ್ಟೀಸ್‌ಗೆ 2022ರ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಬಂತು. ಆದರೆ ಆ ಸಂಸ್ಥೆ 2007ರಲ್ಲೇ ಹುಟ್ಟಿತ್ತು. ಅವರು ಸ್ಟ್ಯಾನ್‌ಫರ್ಡ್‌ಗೆ ಹೋಗುವ ಹೊತ್ತಿಗೆ ಅದಕ್ಕೆ ಹತ್ತು ವರ್ಷ ವಯಸ್ಸು.

ಆಯ್ಕೆಯಾಗದಿದ್ದರೆ

ಹೆಚ್ಚಿನವರು ಮೊದಲ ಸಲ ಆಯ್ಕೆಯಾಗುವುದಿಲ್ಲ. ಎಷ್ಟೋ ಕಡೆ ಕಾರಣ ಹೇಳುವುದೂ ಇಲ್ಲ. ಆದರೂ ಎರಡು ಸಾಲಿನಲ್ಲಿ ಧನ್ಯವಾದ ಬರೆದು, ಮುಂದಿನ ವರ್ಷಕ್ಕೆ ಏನಾದರೂ ಸಲಹೆ ಇದೆಯಾ ಅಂತ ಕೇಳಿ, ಕೆಲವರು ಹೇಳುತ್ತಾರೆ. ಮತ್ತೆ ಹಾಕುವಾಗ ಹಳೆಯ ಪ್ರಬಂಧವನ್ನು ಪಾಲಿಶ್ ಮಾಡಬೇಡಿ. ಈ ಒಂದು ವರ್ಷದಲ್ಲಿ ನಿಮ್ಮ ಕೆಲಸದಲ್ಲಿ ಏನು ಬದಲಾಗಿದೆ ಅಂತ ಹೊಸದಾಗಿ ಬರೆಯಿರಿ. ಬರೆಯಲು ಏನೂ ಹೊಸದಿಲ್ಲ ಅನ್ನಿಸಿದರೆ ಇನ್ನೊಂದು ವರ್ಷ ಬಿಟ್ಟು ಹಾಕಿ. ಈ ನಡುವೆ ಆ ಪ್ರಬಂಧವನ್ನು ಸುಮ್ನೆ ಇಟ್ಟುಕೊಳ್ಳಬೇಡಿ. ಅದರಲ್ಲಿರುವ ಯೋಜನೆಯ ಭಾಗವನ್ನು ನಿಮ್ಮ ತಂಡಕ್ಕೆ ಓದಿ ಹೇಳಿ, ಅದರಲ್ಲಿ ಹೊರದೇಶಕ್ಕೆ ಹೋಗದೆ ಈಗಲೇ ಮಾಡಬಹುದಾದದ್ದು ಯಾವುದು ಅಂತ ಒಟ್ಟಿಗೆ ಕೂತು ನೋಡಿ, ಅದನ್ನು ಶುರು ಮಾಡಿ.